ಬೇಲಿಯ ಅಗ್ನಿಶಿಖೆ: ಹೂವಿಗೆ ಮೊದಲು ಎಲೆ ನೋಡಿ

ಈಗ ಉಡುಪಿಯ ಕಡೆ ಹಾಡಿಯ (ಊರ ಪಕ್ಕದ ಕುರುಚಲು ಕಾಡಿನ) ಅಂಚಿನಲ್ಲಿ, ಮುರಕಲ್ಲಿನ ಗೋಡೆಯ ಸಂದಿಯಲ್ಲಿ ಒಂದು ಬಳ್ಳಿ ಏಳುತ್ತಿದೆ. ಇದೇ ಅಗ್ನಿಶಿಖೆ, ಗೌರಿ ಹೂವು ಎಂದರೆ ಹೆಚ್ಚಿನವರಿಗೆ ಗೊತ್ತಾದೀತು. ಹೂ ಬಿಟ್ಟ ಮೇಲೆ ಯಾರು ಬೇಕಾದರೂ ಗುರುತಿಸುತ್ತಾರೆ. ಅದಕ್ಕೂ ಮುಂಚೆ ಗುರುತಿಸುವುದೇ ಮುಖ್ಯ.

ಎಲೆಯ ತುದಿ ನೋಡಿ. ತೊಟ್ಟಿಲ್ಲದ, ಈಟಿಯಂತಹ ಎಲೆ ಚೂಪಾಗುತ್ತಾ ಹೋಗಿ ಕೊನೆಯಲ್ಲಿ ದಾರದಂತೆ ಸುರುಳಿಯಾಗಿರುತ್ತದೆ. ಪಕ್ಕದ ಕಡ್ಡಿಯನ್ನು ಬಳ್ಳಿ ಹಿಡಿದುಕೊಳ್ಳುವುದು ಆ ಸುರುಳಿಯಿಂದಲೇ. ಕಾಡುಗೆಣಸಿನ ಬಳ್ಳಿಗೆ ಇದಿಲ್ಲ. ಅದು ತನ್ನ ಕಾಂಡದಿಂದಲೇ ಆಸರೆಯನ್ನು ಸುತ್ತಿಕೊಂಡು ಏರುತ್ತದೆ, ಎಲೆಗೆ ಉದ್ದ ತೊಟ್ಟೂ ಇರುತ್ತದೆ.

ಹೂವಿನದು ತಲೆಕೆಳಗಾದ ಠೀವಿ. ಮೊಗ್ಗು ಕೆಳಗೆ ಬಾಗಿದ್ದರೂ ಅಂಚು ಅಲೆಯಲೆಯಾದ ಆರು ಎಸಳುಗಳು ಹಿಂದಕ್ಕೆ ಮಡಚಿ ಮೇಲೇಳುತ್ತವೆ. ಮೊದಲು ಹಸಿರು, ಆಮೇಲೆ ಹಳದಿ, ಕೊನೆಗೆ ಕೆಂಡದ ಕೆಂಪು. ಒಂದೇ ಬಳ್ಳಿಯಲ್ಲಿ ಮೂರೂ ಬಣ್ಣ ಕಂಡು ಮೂರು ಗಿಡಗಳೆಂದು ನಾನೇ ಒಮ್ಮೆ ವಾದಿಸಿದ್ದುಂಟು.

ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ತುಳು ತಿಂಗಳಲ್ಲಿ, ಸೊಪ್ಪು, ಗೆಡ್ಡೆ ಹುಡುಕುವವರು ಇಲ್ಲಿ ಎಚ್ಚರವಾಗಿರಿ. ಇದರ ನೇಗಿಲಿನಂತೆ ಬಾಗಿದ ಗೆಡ್ಡೆಯನ್ನು ಗೆಣಸೆಂದು ತಿಂದು ಸತ್ತವರಿದ್ದಾರೆ. ಇಡೀ ಗಿಡದಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ, ಬೇಯಿಸಿದರೂ ಹೋಗುವುದಿಲ್ಲ. ಯಾರಾದರೂ ತಿಂದಿದ್ದರೆ ವಾಂತಿ ಶುರುವಾಗಲಿ ಎಂದು ಕಾಯಬೇಡಿ, ಲಕ್ಷಣ ಕಾಣಲು ಕೆಲವು ಗಂಟೆ ಬೇಕಾಗುತ್ತದೆ. ಗೆಡ್ಡೆಯ ತುಂಡನ್ನೂ ಜತೆಗಿಟ್ಟುಕೊಂಡು ಆಸ್ಪತ್ರೆಗೆ ಹೊರಡಿ.