ಬಾಟಲಿಯಲ್ಲಿ ಬಂದ ಊರಿನ ನೀರು

ನಮ್ಮ ಶಿಬಿರಕ್ಕೆ ಬರುವವರಿಗೆ ಫೋನಿನಲ್ಲಿ ನಾನು ಹೇಳುವುದು ಒಂದೇ ಮಾತು. ಪೆನ್ನು, ಪುಸ್ತಕ ನಾವು ಕೊಡುತ್ತೇವೆ. ನೀವು ನಿಮ್ಮೂರಿನ ನೀರು ಒಂದು ಲೀಟರ್ ತನ್ನಿ. ಬೋರ್‌ವೆಲ್ಲಿನದಾದರೂ ಸರಿ, ಕೆರೆಯದಾದರೂ ಸರಿ, ನಿಮ್ಮ ಮನೆ ನಲ್ಲಿಯದಾದರೆ ಇನ್ನೂ ಒಳ್ಳೆಯದು.

ಮಂಡ್ಯ ಜಿಲ್ಲೆಯ ನೀರುಗಂಟಿಗಳಿಗೆ (ಊರಿಗೆ ನೀರು ಬಿಡುವವರು), ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ, ಕೆರೆ ಸಂಘದವರಿಗೆ ನೀರಿನ ಗುಣಮಟ್ಟ, ಕೆರೆ, ಜಲಾನಯನದ ಬಗ್ಗೆ ಎರಡು ದಿನದ ತರಬೇತಿ ನಡೆಸುವುದು ನನ್ನ ಕೆಲಸ. ಬಾಟಲಿ ತರಿಸುವ ಪದ್ಧತಿ ಮೊದಲು ಇರಲಿಲ್ಲ. ನನ್ನ ಮೊದಲ ತರಬೇತಿ ನಡೆದದ್ದು ಒಂದು ಕಚೇರಿಯ ಸಭಾಂಗಣದಲ್ಲಿ. 60 ಜನ. ಪರದೆ ಮೇಲೆ ಚಿತ್ರ ತೋರಿಸುತ್ತಾ ಪಿಎಚ್, ಟಿಡಿಎಸ್ ಅಂತ ನಾಲ್ಕು ಗಂಟೆ ಮಾತಾಡಿದೆ. ಊಟ ಆದ ಮೇಲೆ ಅರ್ಧ ಜನ ಕಾಣಲಿಲ್ಲ. ಆರು ತಿಂಗಳು ಬಿಟ್ಟು ಅವರ ಊರುಗಳಿಗೆ ಹೋದೆ. ಒಂದು ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಬೀರುವಿನೊಳಗೆ ಇತ್ತು. ಸೀಲ್ ಒಡೆದಿರಲಿಲ್ಲ, ದ್ರಾವಣಗಳ ಅವಧಿ ಮುಗಿದುಹೋಗಿತ್ತು. ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಬಹಳ ಬೇಜಾರಾಯಿತು. ಅಷ್ಟು ಜನರ ಒಂದು ದಿನದ ದುಡಿಮೆ ಕೆಡಿಸಿದೆನಲ್ಲಾ ಅನ್ನಿಸಿತು. ನಾನು ಅವರಿಗೆ ಯಾರದೋ ನೀರಿನ ಲೆಕ್ಕ ಹೇಳಿದ್ದೆ. ಅವರು ದಿನಾ ಕುಡಿಯುವ ನೀರಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಈಗ ಮೊದಲ ದಿನ ಬೆಳಿಗ್ಗೆ ಮೇಜಿನ ಮೇಲೆ ಬಾಟಲಿಗಳ ಸಾಲು ನಿಲ್ಲುತ್ತದೆ. ಒಂದೊಂದಕ್ಕೂ ಚೀಟಿ: ಊರು, ನೀರಿನ ಮೂಲ, ಹಿಡಿದ ಹೊತ್ತು. ನೀರು ಹಿಡಿಯುವುದರಲ್ಲೇ ಅರ್ಧ ಪಾಠ ಇದೆ. ನಲ್ಲಿ ಎರಡು ಮೂರು ನಿಮಿಷ ಬಿಡಬೇಕು. ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು ಬಾಯಿತನಕ ತುಂಬಬೇಕು. ರೋಗಾಣು ಪರೀಕ್ಷೆಗೆ ಮಾತ್ರ ಈ ನೀರು ಆಗಲ್ಲ, ಬಸ್ಸಿನಲ್ಲಿ ಬರುವಷ್ಟರಲ್ಲಿ ಲೆಕ್ಕ ಬದಲಾಗುತ್ತದೆ. ಅದಕ್ಕೆ ಎಚ್‌ಟುಎಸ್ ಶೀಶೆಗಳನ್ನು ಎರಡು ದಿನ ಮೊದಲೇ ಊರಿಗೆ ಕಳಿಸಿರುತ್ತೇವೆ. ಗುರುತಿನ ತನಕ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಟ್ಟರೆ ಸಾಕು. ನೀರಲ್ಲಿ ಮಲದ ಸೋಂಕು ಇದ್ದರೆ ಕಪ್ಪಾಗುತ್ತದೆ. ಮದ್ದೂರು ಕಡೆಯ ಒಬ್ಬ ಹೆಣ್ಣುಮಗಳು ಆ ಶೀಶೆಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಬಿಚ್ಚಿ ಮೇಜಿನ ಮೇಲಿಟ್ಟರು. ಇದ್ದಿಲಿನ ಹಾಗೆ ಕಪ್ಪು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ಕೇಳಿದರು, "ಇದು ನನ್ನ ಮೊಮ್ಮಗು ಕುಡಿಯೋ ನೀರು ಕಣವ್ವ, ಈಗ ಏನ್ ಮಾಡಾದು?" ನಾಲ್ಕು ಗಂಟೆ ಭಾಷಣದಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು.

ಉತ್ತರ ಕ್ಲೋರಿನ್ನಿನಲ್ಲಿದೆ. ಹಾಗಾಗಿ ಮಧ್ಯಾಹ್ನ ಪೂರ್ತಿ ಬ್ಲೀಚಿಂಗ್ ಪುಡಿಯ ಪಾಠ. ಟ್ಯಾಂಕಿಗೆ ಎಷ್ಟು ಪುಡಿ ಹಾಕುತ್ತೀರಿ ಅಂತ ಕೇಳಿದರೆ ಪಾಂಡವಪುರ ಕಡೆಯ ಹಿರಿಯ ನೀರುಗಂಟಿಯೊಬ್ಬರು "ಒಂದು ಹಿಡಿ" ಅಂದರು. ಹೌದು, ನಾವೂ ಅಷ್ಟೇ ಅಂತ ಉಳಿದವರೂ ತಲೆಯಾಡಿಸಿದರು. ತಕ್ಕಡಿ ತರಿಸಿ, ಐದು ಜನರಿಂದ ಒಂದೊಂದು ಹಿಡಿ ಹಾಕಿಸಿದೆ. ಒಬ್ಬರದು 70 ಗ್ರಾಂ, ಇನ್ನೊಬ್ಬರದು 110. ಆಮೇಲೆ ಹಲಗೆ ಮೇಲೆ ಲೆಕ್ಕ ಮಾಡಿದೆವು. 50,000 ಲೀಟರಿನ ಟ್ಯಾಂಕ್. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಅಂದರೆ ಒಟ್ಟು 100 ಗ್ರಾಂ ಬೇಕು. ಹೊಸ ಪುಡಿಯಲ್ಲಿ ಕ್ಲೋರಿನ್ ಸುಮಾರು ಮೂರರಲ್ಲೊಂದು ಪಾಲು, ಆದ್ದರಿಂದ 300 ಗ್ರಾಂ ಪುಡಿ. ಚೀಲ ತೆರೆದಿಟ್ಟು ಪುಡಿಯಲ್ಲಿ ಕ್ಲೋರಿನ್ ನಾಲ್ಕರಲ್ಲೊಂದು ಪಾಲಿಗೆ ಇಳಿದಿದ್ದರೆ 400 ಗ್ರಾಂ. ಹಿಡಿ ಎಲ್ಲಿ, 400 ಗ್ರಾಂ ಎಲ್ಲಿ! ಪುಡಿಯನ್ನು ಹಾಗೇ ಸುರಿಯಬಾರದು ಅನ್ನುವುದನ್ನೂ ಮಾಡಿ ತೋರಿಸುತ್ತೇನೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಹಾಕಬೇಕು. ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು. ಕೊನೇ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನೋಡಲು ಒಂದು ಮಾತ್ರೆ ಸಾಕು, ಕರಗಿಸಿದರೆ ನೀರು ಗುಲಾಬಿ ಆಗುತ್ತದೆ.

ಫ್ಲೋರೈಡ್ ವಿಷಯ ಇಷ್ಟು ಸುಲಭ ಅಲ್ಲ. ನಾಗಮಂಗಲ ಕಡೆಯಿಂದ ಬಂದ ಒಂದು ಬೋರ್‌ವೆಲ್ ನೀರಿಗೆ ದ್ರಾವಣ ಬಿಟ್ಟಾಗ ಗುಲಾಬಿ ಬಣ್ಣ ಹಳದಿಗೆ ತಿರುಗಿತು. ಬಣ್ಣದ ಪಟ್ಟಿಯಲ್ಲಿ 1.5ಕ್ಕಿಂತ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದೇ ಇದ್ದರೆ 1.5ರ ತನಕ ನಡೆಯುತ್ತದೆ. "ಕಾಯಿಸಿ ಕುಡಿದ್ರೆ ಆಯ್ತಲ್ವಾ ಮೇಡಂ?" ಅಂತ ಹುಡುಗನೊಬ್ಬ ಕೇಳಿದ. ಇದನ್ನು ಪ್ರತಿ ಶಿಬಿರದಲ್ಲೂ ಯಾರಾದರೂ ಕೇಳುತ್ತಾರೆ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಲ್ಲಿ ಅದು ಇನ್ನೂ ಜಾಸ್ತಿಯಾಗುತ್ತದೆ. ಗದ್ದೆಗೆ ಹಾಕಿದ ಗೊಬ್ಬರದಿಂದ ಇಳಿಯುವ ನೈಟ್ರೇಟ್ ಕೂಡ ಹಾಗೇ. ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ.

1980ರ ದಶಕದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಊರೂರಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡರು. ಮೈಸೂರಿನಲ್ಲಿ ಪಂಚಾಯಿತಿಯವರಿಗೆ ತರಬೇತಿ ಕೊಡುವ ಸಂಸ್ಥೆಗೆ ಅವರ ಹೆಸರೇ ಇದೆ. ವಯಸ್ಸಾದ ನೀರುಗಂಟಿಗಳು ಈಗಲೂ ಅವರನ್ನು ನೆನೆಯುತ್ತಾರೆ. ಅವತ್ತು ನೀರು ಸಿಕ್ಕಿದರೆ ಸಾಕಿತ್ತು. ಸಿಕ್ಕಿದ ನೀರು ಎಂಥದ್ದು ಅಂತ ನೋಡುವುದು ಈಗ ನಮ್ಮ ಪಾಲಿನ ಕೆಲಸ. ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐದು ಜನ ಹೆಣ್ಣುಮಕ್ಕಳಿಗೆ ಕಿಟ್ ಬಳಸಲು ಕಲಿಸಬೇಕು ಅಂತ ಇದೆ. ಕಿಟ್ಟಿನದು ಮೊದಲ ಸುಳಿವು ಅಷ್ಟೇ, ಸಂಶಯ ಬಂದ ನೀರು ಲ್ಯಾಬಿಗೆ ಹೋಗಲೇಬೇಕು. ಇದನ್ನು ನಾನು ಎರಡೆರಡು ಸಲ ಹೇಳುತ್ತೇನೆ.

ಎರಡನೇ ದಿನ ಕೆರೆ. ಬೆಳಗಿನ ಜಾವ ಐದೂವರೆಗೇ ಏರಿ ಮೇಲೆ ಇರಬೇಕು. ಮೊದಮೊದಲು ನಾನೂ ತಿಂಡಿ ಮುಗಿಸಿ ಹತ್ತು ಗಂಟೆಗೆ ಕರೆದುಕೊಂಡು ಹೋಗುತ್ತಿದ್ದೆ. ಅದು ತಪ್ಪು. ಮೈಸೂರಿನ ಅಂಚಿನ ಒಂದು ಕೆರೆ, ಮೇಲಿನ ಬಡಾವಣೆಗಳ ಚರಂಡಿ ನೀರು ಬಂದು ಸೇರುತ್ತದೆ, ನೀರು ಹಸಿರಾಗಿದೆ. ಕತ್ತಲು ಹರಿಯುವ ಮುಂಚೆ ಗಾಜಿನ ಬಾಟಲಿಯಲ್ಲಿ ಗುಳ್ಳೆ ಏಳದ ಹಾಗೆ ನೀರು ತುಂಬಿ, ಎರಡು ದ್ರಾವಣ ಬಿಟ್ಟು ಮುಚ್ಚಳ ಹಾಕಿ ತಿರುಗಿಸಿದೆವು. ಚರ್ಮ ಸುಡುವ ದ್ರಾವಣ ಅದು, ಆ ಕೆಲಸ ಕೈಗವಸು ಹಾಕಿಕೊಂಡು ನಾವೇ ಮಾಡುತ್ತೇವೆ. ಆಮ್ಲಜನಕ ಇದ್ದರೆ ಬೆಲ್ಲದ ಬಣ್ಣದ ಗಸಿ ಬರಬೇಕು. ಬಂದದ್ದು ಸುಣ್ಣದ ಹಾಗೆ ಬಿಳಿ. ಅಂದರೆ ನೀರಲ್ಲಿ ಆಮ್ಲಜನಕ ಇಲ್ಲ. ಅದೇ ಜಾಗದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಇನ್ನೊಂದು ಬಾಟಲಿ ತುಂಬಿದೆವು. ಗಾಢ ಕಂದು! ಹಗಲು ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ, ಅದೇ ಕೊಳೆ ಇದ್ದಬದ್ದ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಮೀನಿಗೆ ಲೀಟರಿಗೆ 4 ಮಿಲಿಗ್ರಾಮಾದರೂ ಬೇಕು. ಮೀನು ಬೆಳಗಿನ ಹೊತ್ತೇ ಸತ್ತು ತೇಲುವುದು ಯಾಕೆ ಅಂತ ಕೆರೆ ಸಂಘದವರಿಗೆ ನಾನು ಹೇಳಬೇಕಾಗಲೇ ಇಲ್ಲ. ಎರಡು ಬಾಟಲಿ ಪಕ್ಕಪಕ್ಕ ಇಟ್ಟು ಅವರೇ ಒಬ್ಬರಿಗೊಬ್ಬರು ಹೇಳಿಕೊಂಡರು.

ಅಲ್ಲೇ ಜೌಗು ಪ್ರದೇಶದ ಮಾತು ಬರುತ್ತದೆ. ಈ ಭಾಗ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ರಂಗನತಿಟ್ಟು 2022ರಲ್ಲಿ ರಾಜ್ಯದ ಮೊದಲ ರಾಮ್ಸಾರ್ ತಾಣ ಆಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಎಲ್ಲರಿಗೂ ಹೆಮ್ಮೆ. "ಹಂಗಾದ್ರೆ ನಮ್ಮ ಕೆರೆಯೂ ಅದೇ ಕಾನೂನಿಗೆ ಬರುತ್ತಲ್ವಾ?" ಅಂತ ಕೇಳುತ್ತಾರೆ. 2017ರ ಜೌಗು ಪ್ರದೇಶ ನಿಯಮಗಳಲ್ಲಿ ನದಿ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೆ, ನೀರಾವರಿಗೆ ಅಂತಲೇ ಕಟ್ಟಿದ ಕೆರೆಗಳನ್ನು ಹೊರಗಿಟ್ಟಿದ್ದಾರೆ. ನಮ್ಮ ಮಂಡ್ಯದ ಕೆರೆಗಳಲ್ಲಿ ಹೆಚ್ಚಿನವು ನೀರಾವರಿಗೇ ಕಟ್ಟಿದವು. ಇದನ್ನು ಹೇಳುವಾಗ ನನಗೆ ಸಂಕಟ ಆಗುತ್ತದೆ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಮೇವಿಗೆ ಹೋಗುವುದು ಶಿಂಷಾ ನದಿಗೆ ಮತ್ತು ಸುತ್ತಲಿನ ಇಂಥ ಕೆರೆಗಳಿಗೇ. ಹಕ್ಕಿಗೆ ಕಾನೂನಿನ ಗಡಿ ಗೊತ್ತಾಗುತ್ತದಾ? ಊರಿನವರೇ ತಮ್ಮ ಕೆರೆಯ ಏರಿ, ತೂಬು, ಕೋಡಿ, ಕಾಲುವೆ ಬರೆದು ನಕ್ಷೆ ಮಾಡಿ ಪಂಚಾಯಿತಿಯಲ್ಲಿ ಇಡಲಿ ಅಂತ ನಾನು ಒತ್ತಾಯ ಮಾಡುವುದು ಅದಕ್ಕೇ.

ಜಲಾನಯನಕ್ಕೆ ಅರ್ಧ ದಿನ ಮಾತ್ರ. ಎರಡು ಗಳ, ಒಂದು ಅಡ್ಡಪಟ್ಟಿ, ದಾರದಲ್ಲಿ ಕಟ್ಟಿದ ಕಲ್ಲು ಸೇರಿಸಿ ಎ-ಫ್ರೇಮ್ ಮಾಡಿ ಇಳಿಜಾರಿನಲ್ಲಿ ಸಮಮಟ್ಟದ ಗೆರೆ ಹಾಕಿಸುತ್ತೇನೆ. ಕೆಲಸ ದಿಣ್ಣೆ ಮೇಲಿಂದ ಶುರುವಾಗಬೇಕು, ಇಲ್ಲದಿದ್ದರೆ ಕೆಳಗಿನ ಚೆಕ್ ಡ್ಯಾಂ ಎರಡು ಮಳೆಗೇ ಹೂಳು ತುಂಬಿಕೊಳ್ಳುತ್ತದೆ. ಮಳವಳ್ಳಿ ಕಡೆಯವರು ಇದ್ದರೆ ದಾಸನದೊಡ್ಡಿಯ ಕಾಮೇಗೌಡರ ಮಾತು ತೆಗೆಯುತ್ತಾರೆ. ಕುರಿ ಕಾಯುತ್ತಲೇ ಬೆಟ್ಟದಲ್ಲಿ ಕಟ್ಟೆಗಳನ್ನು ತೋಡಿಸಿದವರು ಅವರು, 2022ರಲ್ಲಿ ತೀರಿಕೊಂಡರು. ಅಷ್ಟು ಸಾಕು, ಆಮೇಲೆ ನನ್ನ ಪಾಠ ಬೇಕಾಗಲ್ಲ.

ಶಿಬಿರ ಇಟ್ಟುಕೊಳ್ಳುವವರಿಗೆ ಎರಡು ಮಾತು. ಸಂಕ್ರಾಂತಿ ಕಳೆದು, ಒಕ್ಕಣೆ ಮುಗಿದ ಮೇಲೆ ಇಟ್ಟುಕೊಳ್ಳಿ. ಫೆಬ್ರುವರಿ 2 ಜೌಗು ಪ್ರದೇಶಗಳ ದಿನ, ಆ ವಾರ ಚೆನ್ನಾಗಿ ಹೊಂದುತ್ತದೆ, ಕೆರೆಯಲ್ಲೂ ನೀರಿರುತ್ತದೆ. ಇನ್ನೊಂದು, ಕೊನೇ ಎರಡು ಗಂಟೆ ತಾಲ್ಲೂಕಿನ ಎಂಜಿನಿಯರ್ ಕಡ್ಡಾಯವಾಗಿ ಕೂತಿರಬೇಕು. ಕಪ್ಪಾದ ಶೀಶೆ ಕೈಲಿಟ್ಟುಕೊಂಡು ಊರಿಗೆ ಹೋಗುವವರಿಗೆ ನಾಳೆ ಯಾರ ಹತ್ತಿರ ಹೋಗಬೇಕು ಅನ್ನುವುದು ಅಲ್ಲೇ ಗೊತ್ತಾಗಬೇಕು.

"ಒಂದು ಹಿಡಿ" ಅಂದ ಆ ಹಿರಿಯರು ಮೂರು ವಾರ ಬಿಟ್ಟು ಫೋನ್ ಮಾಡಿದರು. ತಕ್ಕಡಿ ತಂದಿದ್ದಾರೆ, ತೂಕ ಮಾಡಿ ಹಾಕುತ್ತಿದ್ದಾರೆ. "ಟ್ಯಾಂಕ್ ಹತ್ರ ಗುಲಾಬಿ ಬತ್ತದೆ ಕಣವ್ವ, ಕೊನೇ ಬೀದೀಲಿ ಬರಾಕಿಲ್ಲ" ಅಂದರು. ಒಂದೊಂದೇ ನಲ್ಲಿ ನೋಡುತ್ತಾ ಹೋಗಿ ಅಂದೆ. ಮಾರನೇ ದಿನ ಮನೆಮನೆಗೂ ಮಾತ್ರೆ ಹಿಡಿದುಕೊಂಡು ಹೋದರಂತೆ. ಮೋರಿ ದಾಟುವ ತನಕ ಗುಲಾಬಿ, ದಾಟಿದ ಮೇಲೆ ಇಲ್ಲ. ಅಗೆಸಿ ನೋಡಿದರೆ ಮೋರಿಯ ಕೆಳಗೆ ಪೈಪಿನ ಜಾಯಿಂಟ್ ಬಿಟ್ಟಿತ್ತು. ನೀರು ನಿಂತಾಗ ಕೊಳಚೆ ಒಳಗೆ ಎಳೆದುಕೊಳ್ಳುತ್ತಿತ್ತು, ಕ್ಲೋರಿನ್ ಅದಕ್ಕೇ ಖರ್ಚಾಗುತ್ತಿತ್ತು. ಪೈಪು ಬದಲಾಯಿಸಿದರು. ಮುಂದಿನ ಶಿಬಿರಕ್ಕೆ ಅವರನ್ನೇ ಪಾಠ ಮಾಡಲು ಕರೆದೆ. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದು ಕೈಯಲ್ಲಿ ಗೋಣಿಚೀಲದಲ್ಲಿ ಸುತ್ತಿದ ಆ ಹಳೇ ಪೈಪಿನ ತುಂಡು ಹಿಡಿದು ಬಂದರು.