ಪದಬಂಧದ ಮನೆ ಎಣಿಸಲು ಪೈಥಾನ್‌ಗೆ ಕಲಿಸಿದ ಬಗೆ

ಪದಬಂಧ ನನಗೆ ಚಿಕ್ಕಂದಿನಿಂದ ಅಂಟಿಕೊಂಡ ಗೀಳು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯತೊಡಗಿದಾಗ ಮೊದಲು ಬರೆಯಬೇಕೆನಿಸಿದ್ದೂ ಪದಬಂಧ ರಚನೆಗೆ ನೆರವಾಗುವ ಪುಟ್ಟ ಪ್ರೋಗ್ರಾಮನ್ನೇ. ಕಡತದಲ್ಲಿರುವ ಪದಗಳಲ್ಲಿ ಮೂರು ಮನೆಯವು ಯಾವುವು, ನಾಲ್ಕು ಮನೆಯವು ಯಾವುವು ಎಂದು ಬೇರ್ಪಡಿಸಿದರೆ ಸಾಕಿತ್ತು.

ಸ್ಟ್ರಿಂಗ್‌ನ, ಅಂದರೆ ಪೈಥಾನ್ ಇಟ್ಟುಕೊಳ್ಳುವ ಪಠ್ಯದ, ಉದ್ದ ಹೇಳಲು ಲೆನ್ ಎಂಬ ಫಂಕ್ಷನ್ ಇದೆ. ಕಡತದ ಮೊದಲ ಪದ ‘ಸ್ವಾತಂತ್ರ್ಯ’, ಮೂರು ಮನೆಯದು. ಬಂದ ಉತ್ತರ 12. ಅದೇ ಪದವನ್ನು ಕೈಯಾರೆ ಟೈಪ್ ಮಾಡಿ ಕೊಟ್ಟೆ, 11 ಬಂತು.

ಆ ಒಂದರ ವ್ಯತ್ಯಾಸಕ್ಕೆ ಕಾರಣ ಬೇಗ ಸಿಕ್ಕಿತು. ಕಡತದ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಹೊಸಸಾಲಿನ ಗುರುತು ಇರುತ್ತದೆ. ಸ್ಟ್ರಿಪ್ ಎಂಬ ಆದೇಶ ಅದನ್ನು ತೆಗೆಯುತ್ತದೆ. ಆದರೆ ಪೈಥಾನ್‌ನ ಸ್ಟ್ರಿಂಗ್ ತಾನು ಬದಲಾಗುವುದಿಲ್ಲ. ಸ್ಟ್ರಿಪ್ ಕೊಡುವುದು ಹೊಸ ಸ್ಟ್ರಿಂಗನ್ನು, ಅದನ್ನು ಒಂದು ಹೆಸರಿನಲ್ಲಿ ಹಿಡಿದಿಟ್ಟುಕೊಳ್ಳದಿದ್ದರೆ ಕೈಯಲ್ಲಿ ಉಳಿಯುವುದು ಹಳೆಯದೇ.

ಉಳಿದ 11 ಮಾತ್ರ ಒಂದು ಸಂಜೆಯನ್ನೇ ತೆಗೆದುಕೊಂಡಿತು. ಪದವನ್ನು ಲೂಪ್‌ಗೆ ಹಾಕಿ ಒಂದೊಂದನ್ನೇ ಮುದ್ರಿಸಿದೆ. ಸ, ಹಲಂತದ ಚಿಹ್ನೆ, ವ, ದೀರ್ಘ, ತ, ಸೊನ್ನೆ, ತ, ಹಲಂತ, ರ, ಹಲಂತ, ಯ. ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ ಕನ್ನಡಕ್ಕೆ ಮೀಸಲಿಟ್ಟ 128 ಸ್ಥಾನಗಳಲ್ಲಿ ಒತ್ತಕ್ಷರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ವ್ಯಂಜನ, ಹಲಂತ, ಮತ್ತೊಂದು ವ್ಯಂಜನ ಸಾಲಾಗಿ ಬಂದಾಗ ಅದನ್ನು ಒತ್ತಾಗಿ ಬರೆದು ತೋರಿಸುವ ಕೆಲಸ ಫಾಂಟಿನದು. ಶಾಲೆಯಲ್ಲಿ ಕಾಗುಣಿತ ಬಿಡಿಸಿ ಬರೆಸುತ್ತಿದ್ದರಲ್ಲ, ಪೈಥಾನ್ ಇಟ್ಟುಕೊಂಡಿರುವುದು ಹೆಚ್ಚುಕಡಿಮೆ ಆ ಬಿಡಿಸಿದ ರೂಪವನ್ನು.

ಹಾಗಾಗಿ ಮನೆಗಳನ್ನು ನಾನೇ ಕಟ್ಟಬೇಕಾಯಿತು. ಖಾಲಿ ಪಟ್ಟಿಯೊಂದನ್ನು ಇಟ್ಟುಕೊಂಡು ಪದದ ಸಂಕೇತಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಬಂದದ್ದು ಗುಡಿ, ಕೊಂಬು, ಸೊನ್ನೆ, ಹಲಂತಗಳಂಥ ಅವಲಂಬಿ ಚಿಹ್ನೆಯಾದರೆ ಹಿಂದಿನ ಮನೆಗೇ ಸೇರಿಸು. ಹಿಂದಿನ ಮನೆ ಹಲಂತದಲ್ಲಿ ಮುಗಿದಿದ್ದರೆ ಬಂದ ಸಂಕೇತ ಯಾವುದಾದರೂ ಅಲ್ಲಿಗೇ ಸೇರಿಸು. ಎರಡೂ ಅಲ್ಲವಾದರೆ ಹೊಸ ಮನೆ ತೆರೆ. ಯಾವುದು ಅವಲಂಬಿ ಚಿಹ್ನೆ ಎಂಬುದನ್ನು ಪೈಥಾನ್ ಜೊತೆಗೇ ಬರುವ ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲ್ ಹೇಳುತ್ತದೆ. ‘ಸ್ವಾತಂತ್ರ್ಯ’ ಸ್ವಾ, ತಂ, ತ್ರ್ಯ ಎಂದು ಮೂರು ಮನೆಗಳಲ್ಲಿ ಕುಳಿತಾಗ ಆದ ಸಂತೋಷ ಈಗಲೂ ನೆನಪಿದೆ.

‘ರಾಜ್‌ಕುಮಾರ್’ ಎಂಬ ಪದ ಮಾತ್ರ ನಾಲ್ಕೇ ಮನೆಗೆ ಇಳಿದಿತ್ತು, ಐದಾಗಬೇಕಿತ್ತು. ತಪ್ಪು ನನ್ನದೇ. ಜ್ ಮತ್ತು ಕು ನಡುವೆ ಅಗಲವೇ ಇಲ್ಲದ ಒಂದು ಗುರುತು ಇರುತ್ತದೆ, ಕು ಒತ್ತಾಗದಂತೆ ತಡೆಯುವುದು ಅದೇ. ಕಸವೆಂದು ಭಾವಿಸಿ ಅದನ್ನು ರಿಪ್ಲೇಸ್ ಬಳಸಿ ಅಳಿಸಿಹಾಕಿದ್ದೆ. ಆ ಸಾಲನ್ನು ತೆಗೆದೆ, ಐದು ಮನೆ ಸರಿಯಾಗಿ ಬಂದವು.

ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಪದಗಳನ್ನು ಹುಡುಕುವ ಆಸೆಯೂ ಇತ್ತು. ಸ್ಟ್ರಿಂಗನ್ನು ನೇರವಾಗಿ ತಿರುಗಿಸಿ ಹೋಲಿಸಿದರೆ ‘ಕನಕ’ ಪಾಸಾಗುತ್ತದೆ, ‘ವಿಕಟಕವಿ’ ಫೇಲಾಗುತ್ತದೆ, ಏಕೆಂದರೆ ಗುಡಿಸು ವ ಅಕ್ಷರಕ್ಕಿಂತ ಮುಂದಕ್ಕೆ ಬಂದುಬಿಡುತ್ತದೆ. ಮನೆಗಳ ಪಟ್ಟಿಯನ್ನು ತಿರುಗಿಸಿದೆ, ವಿಕಟಕವಿಯೂ ಗೆದ್ದ. ಪರೀಕ್ಷೆಗೆಂದು ‘ಕನ್ನಡ’ ಪದವನ್ನು ಆರಿಸಿಕೊಳ್ಳಬೇಡಿ. ನ್ನ ಎರಡು ಕಡೆಯಿಂದಲೂ ಒಂದೇ ಆದ್ದರಿಂದ ತಪ್ಪು ವಿಧಾನದಲ್ಲೂ ‘ಡನ್ನಕ’ ಎಂದು ಚೆನ್ನಾಗಿಯೇ ತಿರುಗಿ ನಿಮ್ಮನ್ನು ನಂಬಿಸುತ್ತದೆ. ‘ಬೆಂಗಳೂರು’ ಕೊಟ್ಟು ನೋಡಿ.

ಈಗ ಕೈಯಲ್ಲಿರುವುದು ಅಕಾರಾದಿ ಜೋಡಣೆ. ಸಾರ್ಟ್ ಕೊಟ್ಟರೆ ಬಳ್ಳಾರಿ ಮೊದಲು, ಬಸವನಬಾಗೇವಾಡಿ ಆಮೇಲೆ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಯದು, ಯೂನಿಕೋಡ್ ಅದನ್ನು ಲ ಪಕ್ಕದಲ್ಲೇ ಕೂರಿಸಿದೆ. ಅ ಇಂದ ಳ ವರೆಗಿನ ಕ್ರಮವನ್ನು ನಾನೇ ಒಂದು ಸ್ಟ್ರಿಂಗ್ ಆಗಿ ಬರೆದು, ಅದರಲ್ಲಿನ ಸ್ಥಾನ ನೋಡಿ ಜೋಡಿಸುವಂತೆ ತಿದ್ದುತ್ತಿದ್ದೇನೆ.