ಅಣೆಕಟ್ಟಿಗೆ ಹಲಗೆ ಹಾಕಿಸಿದ್ದು

ಶಿರಿಯ ಹೊಳೆಗೆ ಸೇರುವ ನಮ್ಮ ತೋಡಿಗೆ ಐದು ಕಿಂಡಿಗಳ ಅಣೆಕಟ್ಟೊಂದಿದೆ, ಮಳೆಗಾಲ ಕಳೆದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುವುದು. ಹಳೆಯ ಹಲಗೆಗಳು ಕೊಳೆತು ಕುಂಬಾದ ಮೇಲೆ ಮೂರು ವರ್ಷ ಅದಕ್ಕೆ ಹಲಗೆಯೇ ಬೀಳಲಿಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ತಡೆಯದಿದ್ದರೆ ಎಲ್ಲವೂ ಕಡಲಿಗೆ. ಫೆಬ್ರವರಿಯಲ್ಲೇ ತೋಡು ಬತ್ತಿ ಅಡಿಕೆ ಸೋಗೆ ಜೋತುಬಿದ್ದಾಗ ನಾನು ಪಂಚಾಯತ್ ಕಚೇರಿಯ ಮೆಟ್ಟಿಲು ಹತ್ತಿದೆ.

ಆ ಅಣೆಕಟ್ಟು ಆಸ್ತಿ ರಿಜಿಸ್ಟರಿನಲ್ಲೇ ಇರಲಿಲ್ಲ! ಕೇರಳದ 1994ರ ಪಂಚಾಯತ್ ರಾಜ್ ಕಾಯ್ದೆಯಂತೆ ತೋಡು, ಕೆರೆಗಳು ಗ್ರಾಮ ಪಂಚಾಯತಿನ ಸುಪರ್ದಿಯಲ್ಲಿವೆ. ಸರ್ಕಾರ ಕೊಡುವ ನಿರ್ವಹಣಾ ನಿಧಿಯಲ್ಲಿ ರಸ್ತೆಗೊಂದು ಪಾಲು, ರಸ್ತೆಯೇತರ ಆಸ್ತಿಗಳಿಗೆ ಇನ್ನೊಂದು. ಹಲಗೆಯ ಹಣ ಈ ಎರಡನೆಯ ಪಾಲಿನಿಂದ ಬರಬೇಕು, ರಿಜಿಸ್ಟರಿನಲ್ಲಿ ಹೆಸರಿಲ್ಲದ್ದಕ್ಕೆ ಬರುವುದು ಹೇಗೆ? ಉದ್ದಗಲ ಅಳೆದು, ಫೋಟೋ ತೆಗೆದು, ವಾರ್ಡಿನ ಗ್ರಾಮಸಭೆಯಲ್ಲಿ ವಿಷಯ ಎತ್ತಿದೆವು. ಸದಸ್ಯೆ ನಿರ್ಣಯ ಬರೆಸಿದರು. ಜಿಲ್ಲಾ ಯೋಜನಾ ಸಮಿತಿಯ ಒಪ್ಪಿಗೆಯವರೆಗೆ ಕಾಗದದ ಬೆನ್ನು ಹತ್ತಿದ್ದು ಒಂದಿಡೀ ವರ್ಷ.

ಎಸ್ಟಿಮೇಟ್ ಮಲಯಾಳದಲ್ಲಿತ್ತು. ಕನ್ನಡದ ಪ್ರತಿ ಬೇಕೆಂದು ಅರ್ಜಿ ಕೊಟ್ಟು, ಬಂದ ಮೇಲೆ ನೆರೆಮನೆಯ ಮಾವನ ಜಗಲಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಮಾವ ಅರ್ಧಕ್ಕೇ ತಡೆದರು: “ಮಣ್ಣು ಎಲ್ಲಿದೆ ಇದರಲ್ಲಿ?” ಮರದ ಲೆಕ್ಕ ಬಿಟ್ಟರೆ ಬೇರೇನೂ ಇರಲಿಲ್ಲ. ನಮ್ಮ ಹಿರಿಯರು ತೋಡಿಗೆ ಹಾಕುತ್ತಿದ್ದ ‘ಕಟ್ಟ’ದ (ಒಡ್ಡಿನ) ಕೆಲಸ ಬಲ್ಲವರಿಗೆ ಗೊತ್ತು: ಎರಡು ಸಾಲು ಹಲಗೆ ಇಳಿಸಿ, ನಡುವೆ ಕೆಂಪುಮಣ್ಣು ತುಂಬಿ, ನೀರು ಚಿಮುಕಿಸಿ ಕಾಲಿನಿಂದ ಮೆಟ್ಟಬೇಕು. ಒಂದೇ ಸಾಲಾದರೆ ಸಂದುಸಂದಿನಲ್ಲೂ ನೀರು ಜಿನುಗುತ್ತದೆ. ಎಸ್ಟಿಮೇಟ್ ತಿದ್ದಿಸಿದೆವು. ಮಾವ ಕೇಳದಿದ್ದರೆ ಅಷ್ಟೂ ಹಣ ನೀರಿನೊಂದಿಗೆ ಹೋಗುತ್ತಿತ್ತು.

ಇಷ್ಟಾದರೂ ಕಾಲ ಹೊಂದಲಿಲ್ಲ. ಹಲಗೆ ಬೀಳಬೇಕಾದದ್ದು ದೀಪಾವಳಿ ಕಳೆದು, ತೋಡಿನಲ್ಲಿ ಹರಿವು ಇರುವಾಗಲೇ. ಬಿಲ್ಲುಗಳು ಪಾಸಾಗುವುದು ಮಾರ್ಚ್ ಕೊನೆಯ ಧಾವಂತದಲ್ಲಿ. ಅದಕ್ಕಾಗಿ ಗುತ್ತಿಗೆದಾರರಿಗೆ ಬಿಡದೆ ತೋಟದವರಾದ ನಮ್ಮದೇ ಫಲಾನುಭವಿ ಸಮಿತಿ ಕೆಲಸ ವಹಿಸಿಕೊಂಡಿತು. ತೋಟದ ಅಳತೆಗೆ ತಕ್ಕಂತೆ ಎಲ್ಲರೂ ಮುಂಗಡ ಹಾಕಿದೆವು. ಡಿಸೆಂಬರ್ ಮೊದಲ ವಾರ ಮಣ್ಣು ಮೆಟ್ಟಿದೆವು. ಓವರ್‌ಸಿಯರ್ ಬಂದು ಅಳತೆ ಪುಸ್ತಕ ಬರೆದುಕೊಂಡರು, ಹಣ ಆಮೇಲೆ ಬಂತು. ಮಾರ್ಚ್ ಮುಗಿದರೂ ಬಾವಿಯಲ್ಲಿ ನೀರು ನಿಂತಿತ್ತು. ಅದನ್ನು ನೋಡಲೆಂದೇ ನಾನು ದಿನಕ್ಕೆ ಎರಡು ಸಲ ಬಾವಿಕಟ್ಟೆಗೆ ಹೋಗುತ್ತಿದ್ದೆ.

ಮಳೆಗಾಲಕ್ಕೆ ಮುನ್ನ, ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಪತ್ತನಾಜೆಯ ದಿನದೊಳಗೆ ಹಲಗೆ ಎತ್ತಲೇಬೇಕು, ಇಲ್ಲವಾದರೆ ಮೊದಲ ನೆರೆಗೆ ಬದುವೇ ಕೊಚ್ಚಿಹೋಗುತ್ತದೆ. ಮೊದಲ ವರ್ಷ ಎತ್ತಿ ದಡದಲ್ಲೇ ಇಟ್ಟದ್ದು ತಪ್ಪಾಯಿತು. ಮಳೆಗಾಲ ಕಳೆದಾಗ ಏಳು ಹಲಗೆ ಕಾಣೆ, ನಾಲ್ಕಕ್ಕೆ ಗೆದ್ದಲು. ಈಗ ಪ್ರತಿ ಹಲಗೆಗೂ ಬಣ್ಣದಲ್ಲಿ ನಂಬರ್ ಬರೆದು, ಗ್ರಂಥಾಲಯದ ಹಿಂಬದಿಯ ಮಾಡಿನಡಿ ಇಟ್ಟಿಗೆಯ ಮೇಲೆ ಪೇರಿಸುತ್ತೇವೆ. ಎಣಿಕೆಯ ಪುಸ್ತಕಕ್ಕೆ ಸದಸ್ಯೆ ಸಹಿ ಹಾಕುತ್ತಾರೆ. ಲೆಕ್ಕಪರಿಶೋಧನೆಗೆ ಬಂದವರು ಮೊದಲು ತೆರೆದು ನೋಡಿದ್ದು ಅದೇ ಪುಸ್ತಕವನ್ನು.

ಐದನೆಯ ಕಿಂಡಿಯ ಬುಡದಲ್ಲಿ ಕಾಂಕ್ರೀಟ್ ಕೊರೆದು ಹೋಗಿದೆ, ಕೈ ಹಾಕಿದರೆ ಮೊಣಕೈವರೆಗೆ ಇಳಿಯುತ್ತದೆ. ಮುಂದಿನ ಗ್ರಾಮಸಭೆಗೆ ಅದರ ಅರ್ಜಿ ಬರೆದಿಟ್ಟಿದ್ದೇನೆ.